ತೊಳೆದುಹೋದ ಮೂಳೆಯ ಚಿತ್ರ

ನನ್ನ ತಮ್ಮನ ಬಲ ಅಂಗೈ ಪೂರ್ತಿಯಾಗಿ ಮೇಲೆ ತಿರುಗುವುದಿಲ್ಲ. ಆಕಾಶ ನೋಡಬೇಕಾದಲ್ಲಿ ಅದು ಪಕ್ಕದ ಗೋಡೆಯನ್ನು ನೋಡುತ್ತದೆ. ಗೊತ್ತಿಲ್ಲದವರಿಗೆ ಇದು ಕಾಣಿಸುವುದಿಲ್ಲ, ಅವನು ಅಷ್ಟು ಜಾಣತನದಿಂದ ಮೊಣಕೈಯನ್ನು ಸರಿಸಿಕೊಂಡು ಕೆಲಸ ಮುಗಿಸಿಬಿಡುತ್ತಾನೆ. ನನಗೆ ಮಾತ್ರ ಯಾವಾಗಲೂ ಕಾಣಿಸುತ್ತದೆ. ಅದು ಹಾಗಾದದ್ದರಲ್ಲಿ ನನ್ನ ಪಾಲಿದೆ. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಐವತ್ತರ ದಶಕದ ಕೊನೆಯ ಮಾತು. ಅಪ್ಪ ಮದರಾಸಿನ ತಿರುವಲ್ಲಿಕ್ಕೇಣಿಯ ಒಂದು ಹೋಟೆಲಿನಲ್ಲಿ ದೋಸೆಕಲ್ಲಿನ ಮುಖ್ಯಸ್ಥರು. ನಮ್ಮ ಕಡೆಯವರದೇ ಹೋಟೆಲು. ಅದರ ಹಿಂದಿನ ವಠಾರದಲ್ಲಿ ಎರಡು ಕೋಣೆ ನಮಗೆ. ಮನೆಯಲ್ಲಿ ಅಪ್ಪ, ಅಪ್ಪನ ತಾಯಿ, ನಾನು, ತಮ್ಮ. ಅಮ್ಮ ಹೆರಿಗೆಗೆಂದು ಕುಂದಾಪುರದ ಹತ್ತಿರದ ತವರಿಗೆ ಹೋಗಿದ್ದಳು. ಮನೆ ನನ್ನ ಕೈಯಲ್ಲಿತ್ತು. ನನಗೆ ಹದಿನಾರು, ತಮ್ಮನಿಗೆ ಹದಿನಾಲ್ಕು. ಅಜ್ಜಿ ಊರಿನಿಂದ ಬರುವಾಗ ಒಂದು ಹಿತ್ತಾಳೆ ತಂಬಿಗೆಯನ್ನೂ ತನ್ನ ಮಡಿಯನ್ನೂ ತಂದಿದ್ದರು. ಸಮುದ್ರದ ಗಾಳಿ, ಬೀದಿಯ ಧೂಳು, ನೂರಾರು ಜನರ ಎಂಜಲೆಲೆ, ಇದರ ನಡುವೆ ಅಜ್ಜಿಯ ಮಡಿ ಹೇಗೆ ಉಳಿಯಿತೋ, ಉಳಿದಿತ್ತು.

ತಮ್ಮನಿಗೆ ಕ್ರಿಕೆಟ್ಟಿನ ಹುಚ್ಚು. ನಮ್ಮ ಬೀದಿಯ ಹುಡುಗರಲ್ಲಿ ಚೆಂಡನ್ನು ತಿರುಗಿಸಿ ಎಸೆಯುವುದರಲ್ಲಿ ಅವನೇ ಮುಂದು. ಅವನ ಚೆಂಡು ಚರಂಡಿಯ ಕಡೆ ಬಿದ್ದು ಗೋಡೆಯ ಕಡೆ ಹೋಗುತ್ತಿತ್ತು. ಒಂದು ಭಾನುವಾರ ಚೆಂಡು ಹೋಟೆಲಿನ ಹಿತ್ತಲಿನ ತಗಡಿನ ಮೇಲೆ ಹೋಯಿತು. ಇವನು ಸೌದೆ ರಾಶಿ ಹತ್ತಿದ. ಸೌದೆ ಜಾರಿತು. ಬಲಗೈ ಊರಿ ಬಿದ್ದ. ಮೊಣಕೈಗೂ ಮಣಿಕಟ್ಟಿಗೂ ನಡುವೆ ಎರಡೂ ಮೂಳೆ ಮುರಿದವು. ಕೈ ಬಾಗಿದ ರೀತಿಯನ್ನು ಈಗಲೂ ನೆನೆಸಿಕೊಳ್ಳಲಾರೆ.

ಹೋಟೆಲಿನ ಸಪ್ಲೈಯರುಗಳು ಆಂಧ್ರದ ಕಡೆ ಮೂಳೆ ಕಟ್ಟುವವರ ಹತ್ತಿರ ಕರೆದುಕೊಂಡು ಹೋಗಿ ಅಂದರು. ಅಪ್ಪ ಕೇಳಲಿಲ್ಲ, ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಒಬ್ಬ ಎಳೆಯ ಡಾಕ್ಟರು ಮದ್ದು ಕೊಟ್ಟು ಮಲಗಿಸಿ, ಕೈ ಎಳೆದು ಕೂಡಿಸಿ, ತೋಳಿನಿಂದ ಬೆರಳ ಬುಡದವರೆಗೆ ಸುಣ್ಣದಂಥ ಬಿಳಿ ಪಟ್ಟಿ ಹಾಕಿದರು. ಕೂಡಿಸಿದ ಮೇಲೆ ಎಕ್ಸ್‌ರೇ ತೆಗೆಸಿದರು. ಆ ಫಿಲ್ಮನ್ನು ಕಂದು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಪ್ರತಿ ಸಲ ಬರುವಾಗ ತರಬೇಕು, ಮೂಳೆ ಇದ್ದಲ್ಲೇ ಇದೆಯೋ ಸರಿಯಿತೋ ಎಂದು ಇದರ ಪಕ್ಕದಲ್ಲಿಟ್ಟು ನೋಡಬೇಕು ಎಂದರು. ಆಮೇಲೆ ತಮ್ಮನ ಬೆರಳುಗಳನ್ನು ತೋರಿಸಿ ನನಗೆ ಕೆಲಸ ಹೇಳಿಕೊಟ್ಟರು. ಬೆಳಿಗ್ಗೆ, ಸಂಜೆ ಉಗುರು ಒತ್ತಬೇಕು. ಬಿಳಿಯಾಗಿ ತಕ್ಷಣ ಕೆಂಪಾದರೆ ರಕ್ತ ಓಡುತ್ತಿದೆ. ಬೆರಳು ಆಡಿಸಲು ಹೇಳಬೇಕು. ಮರಗಟ್ಟಿದೆ ಅಂದರೆ, ನೀಲಿಯಾದರೆ, ಬಾತರೆ, ಹೊತ್ತು ನೋಡದೆ ಓಡಿಬರಬೇಕು.

ಈ ಕೆಲಸವನ್ನು ನಾನು ಚೆನ್ನಾಗಿ ಮಾಡಿದೆ. ಬೇಕಾದ್ದಕ್ಕಿಂತ ಹೆಚ್ಚೇ ಮಾಡಿದೆ. ಅವನು ಊಟ ಮಾಡುತ್ತಿದ್ದರೂ ಹೋಗಿ ಉಗುರು ಒತ್ತುತ್ತಿದ್ದೆ.

"ಅಕ್ಕಾ, ಅದು ಕಾಲಿಂಗ್ ಬೆಲ್ ಅಲ್ಲ, ವಿಡು" ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿ ಕೈ ಎಳೆದುಕೊಳ್ಳುತ್ತಿದ್ದ.

ತಪ್ಪಾದದ್ದು ಫಿಲ್ಮಿನ ವಿಷಯದಲ್ಲಿ. ಆಸ್ಪತ್ರೆಯಿಂದ ಬಂದ ಮೊದಲ ದಿನವೇ ಅಜ್ಜಿ ನಮ್ಮನ್ನು ಹಿತ್ತಲಲ್ಲೇ ನಿಲ್ಲಿಸಿದ್ದರು. ಅಪ್ಪ, ನಾನು ತಲೆಗೆ ನೀರು ಹಾಕಿಕೊಂಡೆವು. ತಮ್ಮನಿಗೆ ಪಟ್ಟಿ ನೆನೆಯದಂತೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದ್ದಾಯಿತು. ಉಟ್ಟ ಬಟ್ಟೆ ಬಕೆಟ್ಟಿಗೆ ಹೋಯಿತು. ಉಳಿದದ್ದು ಆ ಕವರು. ಅಪ್ಪ ಕಲ್ಲಿನ ಮುಂದೆ ನಿಲ್ಲಬೇಕಿತ್ತು, ಹೊರಟುಹೋದರು. ತಮ್ಮ ಮದ್ದಿನ ಮಂಪರಿನಲ್ಲಿ ಮಲಗಿದ. ಅಜ್ಜಿ ಕವರನ್ನು ದೂರದಿಂದ ನೋಡಿ ಒಳಗೇನಿದೆ ಎಂದು ಕೇಳಿದರು. ನಾನು ಹೊರತೆಗೆದು ಬೆಳಕಿಗೆ ಹಿಡಿದೆ. ಕಪ್ಪಿನಲ್ಲಿ ಬೆಳ್ಳಗೆ ಎರಡು ಮೂಳೆ. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು. ನಮ್ಮಲ್ಲಿ ಮನುಷ್ಯರ ಎಲುಬು ಮುಟ್ಟಿದರೆ ಸ್ನಾನ. ಅದು ಮನೆಯೊಳಗೆ ಬರುವುದೆಂದರೆ ಏನೆಂದು ಹೇಳಬೇಕಾಗಿಲ್ಲ.

"ಎಲಬ್ ಅಲ್ದಾ ಅದ್? ಆಸ್ಪತ್ರಿಯಿಂದ ಬಂದದ್ದ್, ನೀರ್ ಕಾಣ್ದೆ ಒಳ್ಗ್ ಬಪ್ಪುಕಾಗ. ತೊಳ್ದ್ ತಾ, ಹೆಣ್ಣೆ."

ಇದು ಚಿತ್ರ ಮಾತ್ರ ಎಂದೆ. ಚಿತ್ರವಾದರೂ ನಮ್ಮ ಹುಡುಗನ ಎಲುಬೇ ಅಲ್ಲವೆ ಎಂದು ಅಜ್ಜಿ ಕೇಳಿದರು. ಫಿಲ್ಮನ್ನು ತಿರುಗಿಸಿ ಮುಟ್ಟಿ ನೋಡಿದೆ. ಗಾಜಿನ ಹಾಗೆ ನುಣುಪಾಗಿದೆ, ನೀರು ತಾಗಿದರೆ ಏನಾಗುತ್ತದೆ ಎಂದು ನನಗೂ ಅನಿಸಿತು. ಹೋಟೆಲಿನ ಕಾಫಿ ಬಟ್ಟೆ, ಎಣ್ಣೆ ಪಾತ್ರೆ ತೊಳೆಯಲು ಹಿತ್ತಲ ಹಂಡೆಯಲ್ಲಿ ಸೋಡಾ ಪುಡಿ ಹಾಕಿದ ಬಿಸಿನೀರು ಯಾವಾಗಲೂ ಇರುತ್ತಿತ್ತು. ಬರಿಯ ತಣ್ಣೀರು ಸಾಲದು, ಎಲುಬಿನ ಮೈಲಿಗೆ ಬಿಸಿನೀರಿಗೇ ಹೋಗುವುದು ಎಂದುಕೊಂಡು ಒಂದು ಬಕೆಟ್ಟು ತೋಡಿಕೊಂಡು ಫಿಲ್ಮನ್ನು ಅದರಲ್ಲಿ ಅದ್ದಿ ತೆಂಗಿನ ನಾರಿನಿಂದ ಉಜ್ಜಿದೆ.

ಮೊದಲು ಬೆರಳಿಗೆ ಲೋಳೆ ತಾಗಿತು. ಆಮೇಲೆ ಕಪ್ಪು ಬಿಟ್ಟುಕೊಂಡು ಬಂತು. ಗಾಬರಿಯಿಂದ ಎತ್ತಿದೆ. ಮುರಿದ ಮೂಳೆಗಳು ನನ್ನ ಕಣ್ಣೆದುರೇ ಹಾಳೆಯ ಮೇಲಿಂದ ಜಾರಿ, ಸುಕ್ಕಾಗಿ, ಬಕೆಟ್ಟಿನ ನೀರಿನಲ್ಲಿ ಬಿದ್ದು ಕರಗಿದವು. ಕೈಯಲ್ಲಿ ಉಳಿದದ್ದು ತೆಳು ನೀಲಿಯ ಖಾಲಿ ಹಾಳೆ, ಅದರಾಚೆ ಬಾವಿಕಟ್ಟೆ ಸ್ಪಷ್ಟವಾಗಿ ಕಾಣುತ್ತಿತ್ತು.

ಅಜ್ಜಿಗೆ ಬಹಳ ಸಂತೋಷವಾಯಿತು. ಎಷ್ಟು ಶುದ್ಧವಾಯಿತು ಎಂದರು. ದೇವರ ಗೂಡಿನಲ್ಲಿ ಕೃಷ್ಣನ ಪಟದ ಗಾಜು ಒಡೆದು ಬಹಳ ಕಾಲವಾಗಿತ್ತು. ಆ ಹಾಳೆಯನ್ನು ಅಳತೆಗೆ ಕತ್ತರಿಸಿ ಅಲ್ಲಿ ಕೂರಿಸಿದರು. ಅದು ಯಾವ ಹಾಳೆಯೆಂದು ತಿಳಿಯದೆ ಅಪ್ಪ ದಿನಾ ಬೆಳಿಗ್ಗೆ ಅದಕ್ಕೆ ಕೈಮುಗಿದು ಕೆಲಸಕ್ಕೆ ಹೋಗುತ್ತಿದ್ದರು.

ತೊಳೆದದ್ದು ಅಜ್ಞಾನ. ಅದಕ್ಕೆ ನಾನು ನನ್ನನ್ನು ಎಂದೋ ಕ್ಷಮಿಸಿಕೊಂಡಿದ್ದೇನೆ. ಮುಂದೆ ನಡೆದದ್ದು ಅಜ್ಞಾನವಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಎಳೆಯ ಡಾಕ್ಟರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವರ ಜಾಗದಲ್ಲಿ ದೊಡ್ಡ ಡಾಕ್ಟರು, ಹಣೆಯ ಮೇಲೆ ನಾಮ, ದಪ್ಪ ಕನ್ನಡಕ. ಪಟ್ಟಿಯ ಮೇಲಿಂದಲೇ ಹೊಸ ಎಕ್ಸ್‌ರೇ ತೆಗೆಸಿ, ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು.

"ಪಳಯ ಫಿಲ್ಮ್ ಎಂಗಮ್ಮಾ?"

ಹಳೆಯ ಫಿಲ್ಮ್ ಎಲ್ಲಿ ಎಂದು. ಅಪ್ಪ, ತಮ್ಮ ಇಬ್ಬರೂ ನನ್ನ ಮುಖ ನೋಡಿದರು. ಬಸ್ಸಿನಲ್ಲಿ ಬಿಟ್ಟುಬಿಟ್ಟೆ ಎಂದೆ. ಈಗಷ್ಟೇ, ಬರುವಾಗ. ಹೆಂಗಸರ ಕಡೆ ಬೇರೆ ಕೂತು ಬಂದಿದ್ದರಿಂದ ಅವರಿಬ್ಬರೂ ನಂಬಿದರು. ಎಷ್ಟು ಸುಲಭವಾಗಿ ಬಾಯಿಗೆ ಬಂತೆಂದರೆ, ನನಗೇ ಒಂದು ಕ್ಷಣ ಬಸ್ಸಿನ ಸೀಟಿನ ಮೇಲೆ ಆ ಕಂದು ಕವರು ಕಾಣಿಸಿತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅತ್ತು ನಿಜ ಹೇಳಿಬಿಡುತ್ತಿದ್ದೆನೋ ಏನೋ. ಅವರು ಅಪ್ಪನನ್ನು ದೀಪದ ಹತ್ತಿರ ಕರೆದು ತೋರಿಸಿದರು. ಮೂಳೆಯ ತುದಿಗಳು ತಾಗಿಯೇ ಇವೆ, ಆದರೆ ಸ್ವಲ್ಪ ಓರೆ. ಕೂಡಿಸಿದ ದಿನವೇ ಇಷ್ಟು ಓರೆ ಇತ್ತು ಎಂದಾದರೆ ಚಿಂತೆಯಿಲ್ಲ, ನಿಂತಿದೆ, ಹಾಗೇ ಬಿಡಬಹುದು. ಅವತ್ತು ನೇರವಾಗಿದ್ದು ಈಗ ಓರೆಯಾಗಿದೆ ಎಂದಾದರೆ ಪಟ್ಟಿಯೊಳಗೇ ಜಾರುತ್ತಿದೆ, ಇನ್ನೂ ಜಾರುತ್ತದೆ. ಆಗ ಈಗಲೇ ಕೈ ಕೊಯ್ದು ಒಳಗೆ ಲೋಹದ ಪಟ್ಟಿ ಕೂರಿಸುವುದು ಒಳ್ಳೆಯದು. ಚಿಕ್ಕ ಮಗುವಾಗಿದ್ದರೆ ಬೆಳೆಯುತ್ತ ಮೂಳೆಯೇ ನೆಟ್ಟಗಾಗುತ್ತಿತ್ತು, ಇವನಿಗೆ ಆ ವಯಸ್ಸು ದಾಟುತ್ತಿದೆ. ಮೊದಲನೆಯ ಚಿತ್ರವಿದ್ದರೆ ಒಂದು ನಿಮಿಷದ ಮಾತು. ಇಲ್ಲದಿರುವುದರಿಂದ ಹೇಳಲಾರೆ. ನೀವೇ ಯೋಚಿಸಿ ಹೇಳಿ.

ಹೀಗೆ ನಾನು ಉತ್ತರಿಸಬೇಕಾದ ಪ್ರಶ್ನೆ ಅಪ್ಪನ ತಲೆಯ ಮೇಲೆ ಬಂತು. ಚಿತ್ರ ನನಗೆ ಪೂರ್ತಿ ನೆನಪಿತ್ತು. ತೊಳೆಯುವ ಮೊದಲು ಬೆಳಕಿಗೆ ಹಿಡಿದು ನೋಡಿದ್ದೆನಲ್ಲ. ಆ ಎರಡು ಮೂಳೆಗಳು ರೈಲು ಕಂಬಿಯ ಹಾಗೆ ನೆಟ್ಟಗಿದ್ದವು. ನಾನು ಬಾಯಿ ಬಿಟ್ಟು ಅಷ್ಟು ಹೇಳಿದ್ದರೂ ಡಾಕ್ಟರಿಗೆ ಸಾಕಾಗುತ್ತಿತ್ತೋ ಏನೋ. ಆದರೆ ಅಷ್ಟು ಹೇಳಿದರೆ, ಅಷ್ಟೊಂದು ನೋಡಿದವಳು ಬಸ್ಸಿನಲ್ಲಿ ಹೇಗೆ ಬಿಟ್ಟೆ ಎಂದು ಕೇಳುತ್ತಾರೆ ಎಂದು ಸುಮ್ಮನಿದ್ದೆ.

ಅಪ್ಪ ಮರುದಿನ ಹೋಗಿ ಕೊಯ್ಯುವುದು ಬೇಡ ಎಂದು ಹೇಳಿ ಬಂದರು. ಬೆಂಕಿಯ ಮುಂದೆ ನಿಂತು ಕೈ ಸುಟ್ಟುಕೊಂಡರೂ ಲಕ್ಷ್ಯ ಮಾಡದ ಮನುಷ್ಯ, ಕತ್ತಿ ಎಂದರೆ ಹೆದರಿದರು.

ಕೆಲವು ವಾರಗಳಾದ ಮೇಲೆ ಪಟ್ಟಿ ತೆಗೆದರು. ಒಳಗಿಂದ ಬಂದ ಕೈ ಬಡಕಲಾಗಿತ್ತು, ಸಿಪ್ಪೆ ಏಳುತ್ತಿತ್ತು. ತಮ್ಮ ಅದನ್ನು ನೋಡಿ ಇದು ಯಾರದ್ದು ಎಂದ. ಡಾಕ್ಟರು ಮುರಿದ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿ, ಅವನ ಕೈ ನೋಡದೆ ಮುಖ ನೋಡಿದರು. ನೋವಿದ್ದರೆ ಬಾಯಿಗಿಂತ ಮೊದಲು ಹುಬ್ಬು ಹೇಳುತ್ತದಂತೆ. ಹುಬ್ಬು ಅಲುಗಲಿಲ್ಲ. ಹೊಸ ಚಿತ್ರದಲ್ಲಿ ಮುರಿದ ಜಾಗದ ಸುತ್ತ ಬಿಳಿಯ ಮೋಡದಂಥದ್ದು ಕಾಣಿಸಿತು. ಹೊಸ ಮೂಳೆ ಮೊದಲು ಹೀಗೇ ಮೋಡದ ಹಾಗೆ ಬರುತ್ತದೆ, ಮೊದಲಿದ್ದದ್ದಕ್ಕಿಂತ ದಪ್ಪವಾಗಿ ಕಟ್ಟಿಕೊಂಡು ಆಮೇಲೆ ಸವೆದು ಸರಿಹೋಗುತ್ತದೆ ಎಂದು ಡಾಕ್ಟರು ನನಗೂ ತೋರಿಸಿದರು. ಮನೆಯಲ್ಲಿ ನೋಡಿಕೊಳ್ಳುವ ಹುಡುಗಿ, ಇದು ತಿಳಿದಿರಲಿ ಎಂದರು. ಅಷ್ಟು ಚೆಂದದ ಮೋಡವನ್ನು ನಾನು ಮತ್ತೆ ನೋಡಿಲ್ಲ. ಕೂಡಿತು, ಗಟ್ಟಿಯಾಯಿತು.

ಆಮೇಲೆ ಕೈ ತಿರುಗಿಸಲು ಹೇಳಿದರು. ಮೊಣಕೈ ಪಕ್ಕೆಗೆ ಒತ್ತಿ, ಮುಷ್ಟಿಯಲ್ಲಿ ಪೆನ್ಸಿಲ್ ಹಿಡಿಸಿ, ಅದು ಎಷ್ಟು ವಾಲುತ್ತದೆ ಎಂದು ನೋಡುವುದು. ಒಳಗೆ ವಾಲಿತು. ಹೊರಗೆ ವಾಲಲಿಲ್ಲ, ನೆಟ್ಟಗೆ ನಿಂತಿತು. ಡಾಕ್ಟರು ಪೆನ್ಸಿಲ್ ತೆಗೆದುಕೊಂಡರು.

"ಕೋಯಿಲ್ಲೆ ತೀರ್ಥಂ ವಾಂಗುವಿಯೇ, ಅಪ್ಪಡಿ ಕಾಟ್ಟು."

ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಳ್ಳುವ ಹಾಗೆ ಕೈ ಒಡ್ಡು ಎಂದರು. ತಮ್ಮ ಒಡ್ಡಿದ. ಅಂಗೈ ಓರೆಯಾಗಿಯೇ ನಿಂತಿತು. ಹಲ್ಲು ಕಚ್ಚಿ ತಿರುಗಿಸಿದ, ಭುಜ ತಿರುಗಿತು, ಕೈ ತಿರುಗಲಿಲ್ಲ. ಅಪ್ಪ ಎದ್ದು ಕಿಟಕಿಯ ಹತ್ತಿರ ಹೋದರು.

ತಿರುಗಿಸುತ್ತಲೇ ಇರಬೇಕು, ದಿನಾ, ಬೇಜಾರಾಗುವಷ್ಟು, ಎಂದರು ಡಾಕ್ಟರು. ನಿಮ್ಮ ಮನೆಯವರ ಕೆಲಸವೇನು ಎಂದು ಕೇಳಿದರು. ಅಪ್ಪ ದೋಸೆ ಎಂದರು. ಡಾಕ್ಟರು ಮೊದಲ ಸಲ ನಕ್ಕರು. ಅದಕ್ಕಿಂತ ಒಳ್ಳೆಯ ಮದ್ದು ನನ್ನ ಹತ್ತಿರವಿಲ್ಲ, ದೋಸೆ ಮಗುಚಲು ಕಲಿಸಿ ಎಂದರು.

ಆ ತಿಂಗಳುಗಳನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. ಮಗ ಹೋಟೆಲಿನ ಒಲೆಯ ಹತ್ತಿರ ಬರಕೂಡದು, ಓದಬೇಕು ಎಂದು ಪಟ್ಟು ಹಿಡಿದಿದ್ದ ಅಪ್ಪ, ದಿನಾ ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ಅವನನ್ನು ಕಲ್ಲಿನ ಮುಂದೆ ನಿಲ್ಲಿಸಿ ಸಟ್ಟುಗ ಕೊಟ್ಟರು. ನಾನು ಮೊದಲು ಬಿಸಿನೀರಿನಲ್ಲಿ ಕೈ ಕಾಯಿಸಿ, ಎಳ್ಳೆಣ್ಣೆ ಹಚ್ಚಿ ಕಳಿಸುತ್ತಿದ್ದೆ. ಮೊದಮೊದಲು ದೋಸೆಯೆಲ್ಲ ಚೂರು. ಅವನ್ನೆಲ್ಲ ಬಟ್ಟಲಲ್ಲಿ ಹಾಕಿ ಮನೆಗೆ ಕಳಿಸುತ್ತಿದ್ದರು. ಅಜ್ಜಿಗೆ ಹೋಟೆಲಿನದು ಆಗದು, ನಾನೇ ತಿಂದು ಮುಗಿಸಬೇಕು. ಹರಿದ ದೋಸೆಯಿಂದಲೇ ನಾನು ದಪ್ಪಗಾದೆ.

"ಡಾಕ್ಟ್ರ್ ಕಾಂಬುದ್ ಪೆನ್ಸಿಲ್, ನಾ ಕಾಂಬುದ್ ದೋಸೆ" ಎಂದು ಅಪ್ಪ ಹೇಳುತ್ತಿದ್ದರು. "ಇವತ್ತ್ ಅಂಚ್ ಹರಿಲ್ಲ. ಕೈ ಸುಮಾರ್ ಬಂತ್."

ಅಪ್ಪನ ಅಂದಾಜು ಡಾಕ್ಟರ ಅಂದಾಜಿಗೆ ಸರಿಹೋಗುತ್ತಿತ್ತು. ಪ್ರತಿ ತಿಂಗಳು ಪೆನ್ಸಿಲ್ ಸ್ವಲ್ಪ ಸ್ವಲ್ಪ ಹೊರಗೆ ವಾಲಿತು. ಅಮ್ಮ ಮಗುವಿನೊಂದಿಗೆ ಬರುವ ಹೊತ್ತಿಗೆ ತಮ್ಮ ಊಟ, ಬರವಣಿಗೆ ಎಲ್ಲ ಬಲಗೈಯಲ್ಲೇ ಮಾಡುತ್ತಿದ್ದ. ಆದರೆ ಒಂದು ಹಂತಕ್ಕೆ ಬಂದು ನಿಂತಿತು. ಓರೆಯಾಗಿ ಕೂಡಿದ ಮೂಳೆ ಒಂದಕ್ಕೊಂದು ತಡೆಯಾಗಿ ನಿಲ್ಲುತ್ತದೆ, ಇನ್ನು ಇಷ್ಟೇ ಎಂದು ಡಾಕ್ಟರು ಕೊನೆಯ ಸಲ ಹೇಳಿದರು. ಇಷ್ಟಾದರೂ ಬಂದದ್ದು ಈ ಹುಡುಗಿಯ ಆರೈಕೆಯಿಂದ ಎಂದು ನನ್ನ ತಲೆ ಮುಟ್ಟಿದರು. ನಾನು ಆ ಹೊಗಳಿಕೆಯನ್ನೂ ತೆಗೆದುಕೊಂಡು ಮನೆಗೆ ಬಂದೆ.

ತಮ್ಮ ಚೆಂಡು ತಿರುಗಿಸುವುದನ್ನು ಬಿಟ್ಟ. ಬೀದಿಯ ಆಟಕ್ಕೆ ಅಂಪೈರಾದ. ತೀರ್ಪು ಕೊಡುವುದರಲ್ಲಿ ಅವನು ಎಷ್ಟು ಕಟ್ಟುನಿಟ್ಟೆಂದರೆ ಹುಡುಗರು ಅವನಿಗೆ ಹೆದರುತ್ತಿದ್ದರು. ಬೇಸರ ಮಾಡಿಕೊಂಡದ್ದನ್ನು ನಾನು ಕಾಣಲಿಲ್ಲ. ಬೇಸರವನ್ನು ಇಟ್ಟುಕೊಂಡವರು ಅಪ್ಪ. ಊರಿನವರು ಬಂದಾಗ, ಹಳೆಯ ಗಿರಾಕಿಗಳು ಕೇಳಿದಾಗ, ನನ್ನ ಹೆದರಿಕೆಯಿಂದ ಹುಡುಗನ ಕೈ ಹೋಯಿತು ಎನ್ನುತ್ತಿದ್ದರು. ಆ ಮಾತು ಶುರುವಾದರೆ ನಾನು ಒಳಗೆ ಎದ್ದು ಹೋಗುತ್ತಿದ್ದೆ. ಇದೇ ನನ್ನ ದೊಡ್ಡ ತಪ್ಪು. ಒಂದು ಸುಳ್ಳು ಹೇಳಿದ್ದು ಒಂದು ದಿನ. ಅಪ್ಪ ಆ ಸುಳ್ಳಿನ ಭಾರ ಹೊತ್ತದ್ದನ್ನು ನೋಡುತ್ತ ಸುಮ್ಮನಿದ್ದದ್ದು ವರ್ಷಗಟ್ಟಲೆ.

ಅರವತ್ತರ ದಶಕದ ನಡುವೆ ಊರ ಹೊರಗಿನ ಅಂಬತ್ತೂರಿನಲ್ಲಿ ಕಾರ್ಖಾನೆಗಳು ಏಳತೊಡಗಿದವು. ತಮ್ಮ ಐ.ಟಿ.ಐ. ಮುಗಿಸಿದ್ದ. ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕೆ ಕರೆದರು. ಅಲ್ಲಿಯ ಡಾಕ್ಟರು ಕೈ ತಿರುಗಿಸಿ ನೋಡಿ, ಚಕ್ರ ತಿರುಗಿಸುವ ಕೆಲಸಕ್ಕೆ ಇದು ಸಾಲದು ಎಂದು ಬರೆದರು. ಆದರೂ ಕೆಲಸ ತಪ್ಪಲಿಲ್ಲ. ಬೇರೆಯವರು ಮಾಡಿದ ಸಾಮಾನನ್ನು ಅಳೆದು ನೋಡುವ ವಿಭಾಗಕ್ಕೆ ತೆಗೆದುಕೊಂಡರು. ಆಗ ಅಜ್ಜಿ ತೀರಿಹೋಗಿದ್ದರು. ನನಗೆ ಮದುವೆಯಾಗಿ ಮೈಲಾಪುರದಲ್ಲಿದ್ದೆ. ಸುದ್ದಿ ಕೇಳಿ ತವರಿಗೆ ಬಂದೆ. ತಮ್ಮ ಖುಷಿಯಾಗಿದ್ದ.

"ಲೇತ್‌ನವ್ರಿಗೆಲ್ಲ ಮೈತುಂಬ ಎಣ್ಣೆ ಅಕ್ಕಾ. ನಂಗೆ ವೆಳ್ಳೆ ಶರ್ಟು, ಸ್ಟೂಲು. ಅವ್ರು ಮಾಡಿದ್ದನ್ನ ನಾನು ಇದು ಸರಿಯಿಲ್ಲ ಅಂತ ವಾಪಸ್ ಎಸೀಬಹುದು. ಅಂಪೈರ್ ವೇಲೆ ತಾನೇ."

ಅಂಪೈರ್ ಕೆಲಸವೇ ಅಲ್ಲವೆ ಎಂದು ತಮ್ಮ ನಕ್ಕ. ಅಪ್ಪ ನಗಲಿಲ್ಲ. ಅವತ್ತು ಹೂಂ ಅಂದಿದ್ದರೆ ನೀನು ಮಿಷನ್ನಿನ ಮುಂದೆ ಇರುತ್ತಿದ್ದೆ ಎಂದು ಹೇಳಿ, ಪಾಳಿಗೆ ಹೊತ್ತಾಯಿತೆಂದು ಹೋಟೆಲಿಗೆ ಹೊರಟರು. ಅವರ ಬೆನ್ನು ಆಗಲೇ ಬಾಗಿತ್ತು. ಅದನ್ನು ನೋಡುತ್ತ ನನಗೆ ತಡೆಯಲಾಗಲಿಲ್ಲ. ತಮ್ಮನನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದೆ. ತೊಳೆದದ್ದು, ನೆಟ್ಟಗಿದ್ದ ಮೂಳೆಗಳು, ಬಸ್ಸಿನ ಸುಳ್ಳು.

ಅವನು ತನ್ನ ಬಲ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ಆಮೇಲೆ, ಅವತ್ತು ಫಿಲ್ಮ್ ಸಿಗದಿರಲಿ ಎಂದು ತಾನೂ ಹರಕೆ ಹೊತ್ತಿದ್ದೆ ಎಂದ. ಸಿಕ್ಕಿದರೆ ಕೊಯ್ಯುತ್ತಾರೆ ಎಂದು ಹೆದರಿ, ಕಂಡಕ್ಟರು ಆ ಕವರನ್ನು ಹರಿದು ಬಿಸಾಡಲಿ ಎಂದು ಬೇಡಿಕೊಂಡಿದ್ದನಂತೆ. ನನಗೆ ಅಳು, ನಗು ಎರಡೂ ಬಂತು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವನು ಮಾತ್ರ ನಗುತ್ತಿರಲಿಲ್ಲ.

"ನನ್ ಕೈ ವಿಷಯ ಬಿಡು, ನಂಗೆ ಕೋಪ ಇಲ್ಲ. ಅಪ್ಪಾವುಕ್ಕು ಏನ್ ಹೇಳ್ತೀ? ಇಷ್ಟು ವರ್ಷ ಅವ್ರು ಹಾಗಂತಿರೋದನ್ನ ಕೇಳ್ಕೊಂಡಿದ್ಯಲ್ಲ ಅಕ್ಕಾ. ನೀನೇ ಹೋಗಿ ಹೇಳು. ಇವತ್ತೇ."

ಹೋಟೆಲಿನ ಮಧ್ಯಾಹ್ನದ ಬಿಡುವು. ಅಪ್ಪ ಕಲ್ಲಿನ ಪಕ್ಕ ಸ್ಟೂಲಿನ ಮೇಲೆ ಕೂತು ಕಾಫಿ ಆರಿಸಿಕೊಳ್ಳುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಹೇಳುವಾಗ ಅವರ ಮುಖ ನೋಡಲಿಲ್ಲ. ಮುಗಿದ ಮೇಲೆ ನೋಡಿದೆ. ಅವರು ಕಾಫಿ ಕುಡಿದಿರಲಿಲ್ಲ.

"ಅಮ್ಮಂಗೆ ಗೊತ್ತಾಯ್ಲ ಅಲ್ದಾ?" ಎಂದರು. ಅಜ್ಜಿಯ ವಿಷಯ, ತೊಳೆಸಿದ್ದರಿಂದಲೇ ಕೈ ಹೀಗಾಯಿತೆಂಬುದು.

ಇಲ್ಲ ಎಂದೆ.

"ಒಳ್ಳೇದಾಯ್ತ್. ಗೊತ್ತಾಯಿದ್ರೆ ಊಟ ಬಿಡ್ತಿದ್ದಿತ್."

ಅಷ್ಟೇ. ನನ್ನನ್ನು ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಆಮೇಲೆ ಸ್ವಲ್ಪ ದಿನ ನಾನು ಹೋದಾಗ ಮಾತು ಕಡಿಮೆಯಿತ್ತು. ಅದು ನನಗೆ ಸಲ್ಲಬೇಕಾದದ್ದೇ. ಆದರೆ ಊರಿನವರು ಬಂದಾಗ ಆ ಹಳೆಯ ಮಾತು ಮತ್ತೆ ಬರಲಿಲ್ಲ. ಹುಡುಗನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, ಅಪ್ಪ ವಿವರವಾಗಿ ಹೇಳತೊಡಗಿದರು.

ಒಂದು ರಜೆಯ ದಿನ ತಾವಾಗಿಯೇ ಅಂಬತ್ತೂರು ನೋಡಬೇಕು ಎಂದರು. ಅಲ್ಲಿಯವರೆಗೆ ಕರೆದರೂ ಹೋದವರಲ್ಲ. ನಾವು ಮೂವರೂ ಬಸ್ಸಿನಲ್ಲಿ ಹೋದೆವು. ಕಾರ್ಖಾನೆ ಮುಚ್ಚಿತ್ತು. ಗೇಟಿನ ಆಚೆ ಕೆಂಪು ಮಣ್ಣು, ಹೊಸದಾಗಿ ನೆಟ್ಟ ಗಿಡಗಳು, ಉದ್ದದ ತಗಡಿನ ಶೆಡ್ಡುಗಳು. ನೀನು ಕೂರುವುದು ಎಲ್ಲಿ ಎಂದು ಅಪ್ಪ ಕೇಳಿದರು. ತಮ್ಮ ಗೇಟಿನ ಸರಳುಗಳ ನಡುವೆ ಬಲಗೈ ಚಾಚಿ, ಅಗೋ ಆ ಮೂರನೇ ಕಿಟಕಿ ಎಂದ. ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು, ಕಿಟಕಿ ಸಿಗುವವರೆಗೆ ನೋಡಿದರು. ಬೆಳಕು ಚೆನ್ನಾಗಿ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದ ತಮ್ಮ. ಆಮೇಲೆ ಮೂವರೂ ಅಲ್ಲೇ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಟೀ ಕುಡಿದೆವು. ಅಪ್ಪ ಹೊರಗೆ ಏನನ್ನಾದರೂ ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಟೀ ಚೆನ್ನಾಗಿಲ್ಲ ಎಂದರು, ಇನ್ನೊಂದು ಲೋಟ ಕೇಳಿದರು.